ಮತ್ತು ಗೆಳೆಯರು

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ ಮೂರು ತಿಂಗಳು. ನಿನ್ನೆ ಸಂಜೆ ತಾನೇ ಗೇಟಿನ ತನಕ ನಡೆದು ಹೋಗಿ ಸೊಪ್ಪಿನವಳ ಹತ್ತಿರ ಚೌಕಾಸಿಗೆ ನಿಂತಳು. ಒಂದು ಕಟ್ಟು ದಂಟಿನ ಸೊಪ್ಪಿಗೆ ಐದು ರೂಪಾಯಿ ಇಳಿಸಿ, ಗೆದ್ದವಳ ಹಾಗೆ ಒಳಗೆ ಬಂದಳು. ಸರಿ, ಇನ್ನು ಬರೆಯಬಹುದು ಅನ್ನಿಸಿತು. ಅಲ್ಲಿಯವರೆಗೆ ನನಗೆ ಧೈರ್ಯ ಇರಲಿಲ್ಲ.

ಏನಾಯಿತು, ಯಾವ ಆಪರೇಷನ್, ಯಾವ ರಿಪೋರ್ಟು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಅರ್ಧ ಜನ ನನಗಿಂತ ಮೊದಲೇ ಗೂಗಲ್ ಮಾಡಿ ಓದಿಕೊಂಡಿದ್ದಿರಿ. ಅದು ಬೇಡ.

ರಕ್ತ ಕೊಟ್ಟವರಿಗೆ, ಡಾಕ್ಟರಿಗೆ, ರಾತ್ರಿ ಪಾಳಿಯ ನರ್ಸುಗಳಿಗೆ, ಹನ್ನೊಂದು ದಿನ ತಪ್ಪದೆ ಅನ್ನ ಸಾರು ಕಳಿಸಿದ ಚಿಕ್ಕಮ್ಮನಿಗೆ, ಅಮೆರಿಕದಲ್ಲಿ ನಿದ್ದೆಗೆಟ್ಟು ದಿನಕ್ಕೆ ಎಂಟು ಸಲ ಫೋನ್ ಮಾಡಿದ ಅಣ್ಣನಿಗೆ, ನನ್ನ ಪಾಲಿನ ಕೆಲಸವನ್ನೂ ಮಾಡಿಕೊಂಡು ಸುಮ್ಮನಿದ್ದ ಆಫೀಸಿನವರಿಗೆ, ಬೆಂಗಳೂರಿನಲ್ಲಿ ಮಕ್ಕಳನ್ನೂ ಕುಕ್ಕರನ್ನೂ ಒಟ್ಟಿಗೆ ಸಂಭಾಳಿಸಿದ ನನ್ನ ಗಂಡನಿಗೆ, ಎಲ್ಲರಿಗೂ ಕೈ ಮುಗಿದು ನಮಸ್ಕಾರ.

ಇನ್ನು ಉಳಿದ ಜಾಗ ಪೂರ್ತಿ ಒಬ್ಬನಿಗೇ. ಬೇಜಾರು ಮಾಡಿಕೊಳ್ಳಬೇಡಿ.

ಹೆಸರು ಹಾಕಿದರೆ ಮಾತು ಬಿಡ್ತೀನಿ ಅಂದಿದ್ದಾನೆ. ಹಾಗಾಗಿ ನಮ್ಮ ಬೀದಿ ಅವನಿಗೆ ಇಟ್ಟ ಹೆಸರಿನಲ್ಲೇ ಕರೆಯುತ್ತೇನೆ. ಅಂಪೈರು.

ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮದು ಒಂದು ಸಣ್ಣ ಅಡ್ಡರಸ್ತೆ. ಆಗ ಅಲ್ಲಿ ನಾವು ಒಂಬತ್ತು ಮಕ್ಕಳು. ಲಗೋರಿ, ಕುಂಟೆಬಿಲ್ಲೆ, ಮರಕೋತಿ ಎಲ್ಲ ಇತ್ತು. ಆದರೆ ಶ್ರೀನಾಥ್ ನಮ್ಮೂರಿನವನು, ಭಾರತದ ಟೀಮಿನಲ್ಲಿ ಬೌಲಿಂಗ್ ಮಾಡುತ್ತಾನೆ ಅಂತ ತಲೆಗೆ ಹತ್ತಿದ ಮೇಲೆ ಉಳಿದ ಆಟಗಳೆಲ್ಲ ಮೂಲೆ ಸೇರಿದವು. ಹುಡುಗಿ ನಾನೊಬ್ಬಳೇ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಫೀಲ್ಡಿಂಗ್‌ಗೆ ನಿಲ್ಲುತ್ತಿದ್ದೆ. ನನ್ನ ಜಾಗ ಚರಂಡಿ ಪಕ್ಕ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅವನು ಅಂಪೈರ್ ಆಗಿದ್ದು ಕನ್ನಡಕದಿಂದ. ಸೋಡಾ ಬಾಟಲಿಯ ತಳದಂಥ ಗಾಜು. ಒಂದು ದಿನ ಟೆನಿಸ್ ಬಾಲ್ ಬಡಿದು ಅದು ಎರಡು ಹೋಳಾಯಿತು. ಅವನ ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಬೀದಿಗೆ ಬಂದರು. "ಇನ್ನೊಂದು ಸಲ ನನ್ನ ಮಗನ ಕೈಗೆ ಬ್ಯಾಟ್ ಕೊಟ್ರೆ ನೋಡಿ" ಅಂದರು. ಅವತ್ತಿನಿಂದ ಇಡೀ ಬೀದಿಯಲ್ಲಿ ಕಣ್ಣು ಸರಿಯಾಗಿ ಕಾಣದ ಒಬ್ಬನೇ ಒಬ್ಬ ಹುಡುಗ ನಮ್ಮ ಅಂಪೈರು! ಎಡ ಜೇಬಿನಲ್ಲಿ ಆರು ಹುಣಸೆ ಬೀಜ. ಒಂದು ಬಾಲ್ ಆದರೆ ಒಂದು ಬೀಜ ಬಲ ಜೇಬಿಗೆ. ಎಡ ಜೇಬು ಖಾಲಿಯಾದರೆ "ಓವರ್!" ಬ್ಯಾಟಿನ ಯಜಮಾನನಿಗೇ ಔಟ್ ಕೊಟ್ಟು, ಅವನು ಬ್ಯಾಟ್ ಎತ್ತಿಕೊಂಡು ಮನೆಗೆ ಹೋಗಿ, ಆಟವೇ ನಿಂತುಹೋದ ಸಂಜೆಗಳು ಎಷ್ಟೋ. ಕೊಟ್ಟ ಔಟನ್ನು ಮಾತ್ರ ಒಂದು ಸಲವೂ ವಾಪಸ್ ತೆಗೆದುಕೊಳ್ಳಲಿಲ್ಲ.

ನಮ್ಮ ಬೀದಿಯಾಚೆಯ ಸಾಹಸಗಳಿಗೂ ಅವನೇ ಲೆಕ್ಕ ಬರೆಯುವವನು. ಒಂದು ರೂಪಾಯಿಗೆ ಒಂದು ಗಂಟೆ ಬಾಡಿಗೆ ಸೈಕಲ್ ತಗೊಂಡರೆ ಯಾರು ಎಷ್ಟು ನಿಮಿಷ ತುಳಿಯಬೇಕು ಅಂತ ಅವನು ಹೇಳಬೇಕು. ಲೈಬ್ರರಿಯಿಂದ ತಂದ ಬಾಲಮಂಗಳದಲ್ಲಿ ಡಿಂಗನ ಪುಟ ಮೊದಲು ಯಾರು ಓದಬೇಕು, ಅದೂ ಅವನೇ. ಬಿಗ್ ಫನ್ ಬಬಲ್‌ಗಮ್ ಸುತ್ತಿದ ಕಾಗದದಲ್ಲಿ ರನ್ನು, ವಿಕೆಟ್ಟು ಬರುತ್ತಿತ್ತಲ್ಲ, ಅದರ ಪೂರ್ತಿ ಲೆಕ್ಕ ಅವನ ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ. ನಾನು ಗಮ್ ಅಗಿದು ಅಗಿದು ದವಡೆ ನೋಯಿಸಿಕೊಂಡಿದ್ದೆ, ರನ್ನು ಸೇರಿದ್ದು ಬೀದಿಯ ಖಾತೆಗೆ.

ಟೀವಿಯಲ್ಲಿ ಮಾಲ್ಗುಡಿ ಡೇಸ್ ಮತ್ತೆ ಬಂದಾಗ, ಆ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಅವರ ಮನೆ ಪಕ್ಕದ ಯಾದವಗಿರಿಯಲ್ಲೇ ಇದೆ ಅಂತ ಯಾರೋ ಹೇಳಿದರು. ಒಂಬತ್ತು ಜನವೂ ಹೊರಟೆವು. ಸ್ವಾಮಿ ಅಲ್ಲೇ ಇರುತ್ತಾನೆ ಅಂತ ನನಗೆ ಗ್ಯಾರಂಟಿ. ಶಂಕರ್‌ನಾಗ್ ಅದನ್ನು ತೆಗೆದಿದ್ದು ಆಗುಂಬೆಯಲ್ಲಿ, ಸ್ವಾಮಿ ಬೇಕಾದರೆ ಅಲ್ಲಿಗೆ ಹೋಗು ಅಂತ ಅಂಪೈರ್ ದಾರಿಯುದ್ದಕ್ಕೂ ಹೇಳಿದ. ಕಾಂಪೌಂಡಿನ ಹೊರಗೆ ಅರ್ಧ ಗಂಟೆ ನಿಂತೆವು. ಯಾರೂ ಬರಲಿಲ್ಲ. ವಾಪಸ್ ಬರುವಾಗ ನಾನು ಅತ್ತೆ. ಆ ಮನೆ 2016ರಲ್ಲಿ ಮ್ಯೂಸಿಯಂ ಆಯಿತು. ಅವನು ಅದರ ಫೋಟೋ ತೆಗೆದು ನನಗೆ ಕಳಿಸಿದ. ಕೆಳಗೆ ಒಂದೇ ಸಾಲು: "ಈಗ ಒಳಗೆ ಬಿಡ್ತಾರೆ, ಬಾ."

ದಸರಾ ಬಂದರೆ ನಮಗೆ ಸಿನಿಮಾ ಹೀರೋಗಿಂತ ದೊಡ್ಡವನು ದ್ರೋಣ. 18 ಸಲ ಚಿನ್ನದ ಅಂಬಾರಿ ಹೊತ್ತ ಆನೆ. ಸಯ್ಯಾಜಿ ರಾವ್ ರಸ್ತೆಯಲ್ಲಿ ಬೆಳಗ್ಗೆಯೇ ಹೋಗಿ ಜಾಗ ಹಿಡಿದು, ಚುರುಮುರಿ ತಿಂದುಕೊಂಡು ಸಂಜೆಯವರೆಗೆ ಕಾಯುತ್ತಿದ್ದೆವು. ಅದು ತಿರುಗಿ ನನ್ನನ್ನೇ ನೋಡಿತು ಅಂತ ಪ್ರತಿಯೊಬ್ಬರೂ ಜಗಳಕ್ಕೆ ನಿಲ್ಲುವವರೇ. 1998ರಲ್ಲಿ ಕಾಡಿನಲ್ಲಿ ಕರೆಂಟು ತಗುಲಿ ದ್ರೋಣ ಸತ್ತಾಗ ಬೀದಿಯಲ್ಲಿ ಆಟ ನಿಂತಿತ್ತು. ಯಾರೂ ನಿಲ್ಲಿಸಿ ಅನ್ನಲಿಲ್ಲ, ಯಾರೂ ಆಡಲು ಬರಲಿಲ್ಲ, ಅಷ್ಟೇ.

ಆದರೆ ನಮ್ಮ ಒಂಟಿಕೊಪ್ಪಲಿನ ನಿಜವಾದ ಜಂಬ ರೇಡಿಯೋ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಕೇಂದ್ರ ಇಲ್ಲಿಯದು. ಆಕಾಶವಾಣಿ ಅನ್ನುವ ಹೆಸರು ಮೊದಲು ಅದಕ್ಕೆ ಇದ್ದಿದ್ದು, ದೇಶಕ್ಕೆಲ್ಲ ಹೋಗಿದ್ದು ಆಮೇಲೆ. ಇದನ್ನು ನಮ್ಮ ಮನೆಗೆ ಬರುವ ಪ್ರತಿ ನೆಂಟರಿಗೂ ಅಪ್ಪ ಕಾಫಿಗೆ ಮೊದಲೇ ಹೇಳುತ್ತಿದ್ದರು. ಹಾಗಿರುವಾಗ ರೇಡಿಯೋದಲ್ಲಿ ನಮ್ಮ ಹೆಸರು ಬರದಿದ್ದರೆ ಹೇಗೆ? ಅಣ್ಣಾವ್ರ ಹಾಡು ಕೇಳಿ ಕೋರಿಕೆ ಕಾರ್ಡು ಬರೆಯುವುದು ಅಂತಾಯಿತು. ದುಂಡಗಿನ ಅಕ್ಷರ ಅಂಪೈರಿನದು. ಒಂಬತ್ತು ಹೆಸರು ಬರೆದ. ಬರೆಯುವವನು ಅವನಾದ್ದರಿಂದ ತನ್ನ ಹೆಸರನ್ನು ಕೊನೆಗೆ ಹಾಕಿದ. ರೇಡಿಯೋದವರು ಪಾಪ ಎಷ್ಟು ಅಂತ ಓದುತ್ತಾರೆ? ಆರೇಳು ಹೆಸರು ಓದಿ, "ಮತ್ತು ಗೆಳೆಯರು" ಅಂದುಬಿಟ್ಟರು. ಆಮೇಲೆ ಮೂರು ನಾಲ್ಕು ಸಲ ಕಾರ್ಡು ಹಾಕಿದೆವು. ಪ್ರತಿ ಸಲವೂ ಹಾಗೇ ಆಯಿತು. ನಿನಗೆ ಬೇಜಾರಿಲ್ವೇನೋ ಅಂದರೆ, "ಗೆಳೆಯರು ಅಂದ್ರಲ್ಲ, ಅದು ನಾನೇ" ಅನ್ನುತ್ತಿದ್ದ.

ಈಗ ಆ ರಾತ್ರಿಗೆ ಬರುತ್ತೇನೆ.

ಅವನದು ಈಗ ಮೈಸೂರಿನಲ್ಲೇ ಒಂದು ಜೆರಾಕ್ಸ್ ಅಂಗಡಿ. ಇನ್ಶೂರೆನ್ಸ್ ಕಾಗದಗಳ ಜೆರಾಕ್ಸ್ ಕೊಟ್ಟು ಹೋಗಲು ರಾತ್ರಿ ಒಂಬತ್ತಕ್ಕೆ ಆಸ್ಪತ್ರೆಗೆ ಬಂದವನು. ನನ್ನ ಮುಖ ನೋಡಿದ. ಹೆಂಡತಿಗೆ ಫೋನ್ ಮಾಡಿ, "ನೀವು ಊಟ ಮಾಡಿ ಮಲಗಿ" ಅಂದ. ಬೇರೆ ಏನೂ ಹೇಳದೆ ಪಕ್ಕದ ಕುರ್ಚಿಯಲ್ಲಿ ಕೂತ.

ಹನ್ನೆರಡು ಗಂಟೆಗೆ ಡಾಕ್ಟರು ಐಸಿಯುನಿಂದ ಹೊರಗೆ ಬಂದರು. "ಇನ್ನು ಆರು ಗಂಟೆ ಕಾಲ ನೋಡೋಣ. ಅಷ್ಟರೊಳಗೆ ಏನೂ ಹೇಳೋಕಾಗಲ್ಲ" ಅಂದರು. ನನ್ನ ಕಾಲಲ್ಲಿ ಶಕ್ತಿ ಉಡುಗಿ ಹೋಯಿತು. ಅಂಪೈರು ಎದ್ದು ಕೆಳಗೆ ಹೋಗಿ ಬಂದ. ಅವನ ಅಂಗೈಯಲ್ಲಿ ಶುಂಠಿ ಪೆಪ್ಪರ್‌ಮೆಂಟ್. ಎಣಿಸಿ ಆರು. ಎಡ ಜೇಬಿಗೆ ಹಾಕಿಕೊಂಡ. ನನಗೆ ತಕ್ಷಣ ಹೊಳೆಯಲಿಲ್ಲ. ಒಂದು ಗಂಟೆಗೆ ನರ್ಸ್ ಬಂದು, "ಹಾಗೇ ಇದ್ದಾರೆ" ಅಂದಾಗ, ಒಂದನ್ನು ತೆಗೆದು ಬಲ ಜೇಬಿಗೆ ಹಾಕಿದ. ಆಗ ಗೊತ್ತಾಯಿತು.

ಮತ್ತೆ ಕಥೆ ಶುರು ಮಾಡಿದ. ಯಾವ ಕಥೆ ಅಂತೀರಾ? 1996ರ ಅಕ್ಟೋಬರ್, ಟೈಟಾನ್ ಕಪ್, ಬೆಂಗಳೂರಿನ ಮ್ಯಾಚು. ಆಸ್ಟ್ರೇಲಿಯಾದ ಟೇಲರ್ 105 ಹೊಡೆದಿದ್ದ. ನಮಗೆ ಬೇಕಾಗಿದ್ದು 216. ಸಚಿನ್ 88ಕ್ಕೆ ಔಟಾದಾಗ 164ಕ್ಕೆ 8. ನಮ್ಮಪ್ಪ "ಮುಗೀತು ಕಥೆ" ಅಂತ ಟೀವಿ ಆಫ್ ಮಾಡಿದರು. ಎಲ್ಲರೂ ಎದ್ದು ಅವರವರ ಮನೆಗೆ ಹೋದರು. ಇವನೊಬ್ಬ ಮೂಲೆಯ ಸಲೂನಿಗೆ ಓಡಿ, ಅಲ್ಲಿದ್ದ ಪುಟ್ಟ ಬ್ಲಾಕ್ ಅಂಡ್ ವೈಟ್ ಟೀವಿಯಲ್ಲಿ ಕೊನೆಯವರೆಗೂ ನೋಡಿದ. ಕುಂಬ್ಳೆ, ಶ್ರೀನಾಥ್ ಇಬ್ಬರೇ ಸೇರಿ ಉಳಿದ 52 ರನ್ ಹೊಡೆದು ಗೆಲ್ಲಿಸಿದ್ದರು. ಅವರಿಬ್ಬರ ಅಮ್ಮಂದಿರೂ ಸ್ಟೇಡಿಯಂನಲ್ಲೇ ಕೂತಿದ್ದರು. ರಾತ್ರಿ ನಮ್ಮನೆ ಬಾಗಿಲು ಬಡಿದು "ಅಂಕಲ್, ಗೆದ್ವಿ" ಅಂದ. "ಹೋಗಿ ಮಲಗೋ ಸುಮ್ನೆ" ಅಂದರು ಅಪ್ಪ. ಬೆಳಗ್ಗೆ ಪೇಪರ್ ಬಂದ ಮೇಲೆ ಅವನನ್ನು ಕರೆದು ತಿಂಡಿ ಕೊಡಿಸಿದರು.

ಈ ಮ್ಯಾಚನ್ನು ಅವನು ಆ ಕಾರಿಡಾರಿನಲ್ಲಿ ಓವರ್ ಓವರ್ ಆಗಿ ಹೇಳತೊಡಗಿದ. ಮೂರು ಗಂಟೆಯ ಹೊತ್ತಿಗೆ ನರ್ಸ್ ಬಂದು ಏನೂ ಹೇಳದೆ ಡಾಕ್ಟರನ್ನು ಕರೆಯಲು ಓಡಿದಳು. ನನಗೆ ಏನಾಯಿತೋ. "ಸಾಕು ನಿಲ್ಸೋ! ಒಳಗಿರೋದು ಮ್ಯಾಚಲ್ಲ, ನನ್ನಮ್ಮ. ನಿಂಗೇನೋ ಗೊತ್ತಾಗುತ್ತೆ?" ಅಂತ ಕೂಗಿಬಿಟ್ಟೆ. ನೆಲದಲ್ಲಿ ಮಲಗಿದ್ದವರೆಲ್ಲ ಎದ್ದು ನೋಡಿದರು.

ಅವನು ಕನ್ನಡಕ ತೆಗೆದು ಷರ್ಟಿನಿಂದ ಒರೆಸಿಕೊಂಡ. ಎದ್ದು ಹೋದ.

ಅವನು ಹೋದ ಮೇಲೆ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಅವನ ಅಮ್ಮ ತೀರಿಕೊಂಡಿದ್ದರು. ಸೌಟು ಹಿಡಿದು ಬೀದಿಗೆ ಬಂದಿದ್ದ ಅದೇ ಅಮ್ಮ. ಇಂಥದ್ದೇ ಒಂದು ಕಾರಿಡಾರು. ನಾನು ಬೆಂಗಳೂರಿನಿಂದ ವಾಟ್ಸಾಪ್‌ನಲ್ಲಿ ಕೈ ಮುಗಿದ ಚಿತ್ರ ಕಳಿಸಿದ್ದೆ. ಎರಡು ಕಳಿಸಿದ್ದೆ, ಒಂದು ಕಡಿಮೆ ಆಯಿತು ಅನ್ನಿಸಿ. ಮೈಸೂರಿಗೆ ಬಂದಾಗ ಹೋಗಿ ಮಾತಾಡಿಸಿದರಾಯಿತು ಅಂದುಕೊಂಡಿದ್ದೆ. ಆಮೇಲೆ ಮೈಸೂರಿಗೆ ಇಪ್ಪತ್ತು ಸಲವಾದರೂ ಬಂದಿದ್ದೇನೆ. ಹೋಗಲಿಲ್ಲ. ಇದನ್ನು ಬರೆಯುವುದೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಬರೆಯದಿದ್ದರೆ ಈ ಥ್ಯಾಂಕ್ಸಿಗೆ ಅರ್ಥ ಇಲ್ಲ.

ಅವನು ಮನೆಗೆ ಹೋದ ಅಂದುಕೊಂಡೆ. ಇಪ್ಪತ್ತು ನಿಮಿಷಕ್ಕೆ ಎರಡು ಕಾಫಿ ಹಿಡಿದು ಬಂದ. "ಸಕ್ಕರೆ ಜಾಸ್ತಿ ಹಾಕಿಸಿದೀನಿ ಕಣೇ, ಕುಡಿ" ಅಂದ. ಕೂತ. ಜೇಬಿನಿಂದ ಒಂದು ಪೆಪ್ಪರ್‌ಮೆಂಟ್ ತೆಗೆದು ಆ ಕಡೆಗೆ ಹಾಕಿದ. ಮೂರನೆಯದು. ಕಥೆ ಮುಂದುವರಿಸಲಿಲ್ಲ. ಸುಮಾರು ಹೊತ್ತು ಇಬ್ಬರೂ ಗೋಡೆಯ ಗಡಿಯಾರ ನೋಡಿದೆವು. ಕೊನೆಗೆ ನಾನೇ, "164ಕ್ಕೆ 8. ಆಮೇಲೆ?" ಅಂದೆ.

ಆಮೇಲೆ ಹೇಳಿದ. ನಾಲ್ಕಾಯಿತು. ಐದಾಯಿತು. ಮಧ್ಯದಲ್ಲಿ ಒಮ್ಮೆ ಕೇಳಿದೆ, "ನಿಮ್ಮಮ್ಮ ಇದ್ದಾಗ ರಾತ್ರಿ ನಿನ್ನ ಜೊತೆ ಯಾರಿದ್ರೋ?"

ಸ್ವಲ್ಪ ಯೋಚಿಸಿದ. "ಸೆಕ್ಯುರಿಟಿಯವನು ಇದ್ದ. ಒಳ್ಳೆಯವನು. ಕ್ರಿಕೆಟ್ ಗೊತ್ತಿರ್ಲಿಲ್ಲ" ಅಂದ.

ಆರು ಗಂಟೆಗೆ ಬಾಗಿಲು ತೆರೆಯಿತು. "ಕಣ್ಣು ಬಿಟ್ಟಿದ್ದಾರೆ. ಬಿಪಿ ಸರಿಯಾಗ್ತಾ ಇದೆ. ಒಬ್ಬರು ಬಂದು ನೋಡಬಹುದು" ಅಂದರು. ನಾನು ಏಳುವ ಮೊದಲು ಅವನು ಬಲ ಜೇಬಿಗೆ ಕೈ ಹಾಕಿ ಆರನ್ನೂ ತೆಗೆದ. ಮೂರು ನನ್ನ ಕೈಯಲ್ಲಿಟ್ಟ. "ಓವರ್" ಅಂದ. ನಾನು ಅಮ್ಮನನ್ನು ನೋಡಿ ಹೊರಗೆ ಬರುವಷ್ಟರಲ್ಲಿ ಹೋಗಿದ್ದ. ಎಂಟಕ್ಕೆ ಅಂಗಡಿ ತೆಗೆಯಬೇಕಿತ್ತು, ಯಾವುದೋ ಪರೀಕ್ಷೆಯ ಅರ್ಜಿಗೆ ಅವತ್ತೇ ಕೊನೇ ದಿನವಂತೆ.

ಅಮ್ಮನನ್ನು ವಾರ್ಡಿಗೆ ಹಾಕಿದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, "ಆ ಕನ್ನಡಕದ ಹುಡುಗ ಬಂದಿದ್ನಂತಲ್ಲ, ತಿಂಡಿ ಕೊಟ್ಯಾ?" ಆ ಹುಡುಗನಿಗೆ ಈಗ ನಲವತ್ತೆರಡು. ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕು. ತಿಂಡಿ ಕೊಟ್ಟಿರಲಿಲ್ಲ, ಬೈಸಿಕೊಂಡೆ.

ಕಳೆದ ವಾರ ಪೋಸ್ಟ್ ಆಫೀಸಿಗೆ ಹೋಗಿ ಒಂದು ಕಾರ್ಡು ತಂದೆ. ಐವತ್ತು ಪೈಸೆಯ ಕಾರ್ಡಿಗೆ ಚಿಲ್ಲರೆ ಇಲ್ಲ ಅಂತ ನಾಲ್ಕು ಕೊಟ್ಟರು. ಆಕಾಶವಾಣಿ ಮೈಸೂರಿಗೆ ಬರೆದಿದ್ದೇನೆ. ಹಾಡು ಅಣ್ಣಾವ್ರದೇ. ಕೇಳಿದವರು ಅಂತ ಅವನ ಹೆಸರು, ಇನಿಷಿಯಲ್ ಸಮೇತ, ದೊಡ್ಡ ಅಕ್ಷರದಲ್ಲಿ. ಅದರ ಮುಂದೆ, "ಮತ್ತು ಗೆಳೆಯರು". ನಾನು, ನೀವು, ಉಳಿದ ಏಳು ಜನ, ಎಲ್ಲ ಅದರಲ್ಲೇ.

ಇನ್ನೂ ಓದಿಲ್ಲ. ಅವನಿಗೆ ಹೇಳಬೇಡಿ. ಅಮ್ಮ ದಿನಾ ಮಧ್ಯಾಹ್ನ ರೇಡಿಯೋ ಹಾಕಿಕೊಂಡು ಕೂತಿರುತ್ತಾಳೆ, ಸೊಪ್ಪು ಬಿಡಿಸುತ್ತಾ.