ಸಂಕ್ರಾಂತಿ ತನಕಾ ಕುಂಚಿಗಿ ಆರ್ಡರ್ ಬಂದ್ ರೀ

ನಮ್ಮ ಗಿರಾಕಿ ಅಕ್ಕಾರಿಗೆ, ಅಣ್ಣಾರಿಗೆ ಶರಣ್ರಿ.

ಮೊದ್ಲ ಮುಖ್ಯ ವಿಷಯ ಹೇಳಿಬಿಡ್ತೀವಿ. ಈ ತಿಂಗಳ ಮುಗದ ಮ್ಯಾಲ ಸಂಕ್ರಾಂತಿ ತನಕಾ ಕುಂಚಿಗಿ, ಸ್ವೆಟರ್, ಟೇಬಲ್ ಕವರ್ ಯಾವ ಹೊಸಾ ಆರ್ಡರೂ ತೊಗೊಳ್ಳಂಗಿಲ್ಲ. ಅಡ್ವಾನ್ಸ್ ಕೊಟ್ಟವ್ರು ಗಾಬರಿ ಆಗಬ್ಯಾಡ್ರಿ, ತೊಟ್ಟಲಾ ಹಾಕೂ ಹೊತ್ತಿಗೆ ನಿಮ್ದು ಮುಟ್ಟತೈತಿ. ಬಾಗಲಾ ತೋರಣ ಸ್ಟಾಕ್ ಇದ್ದಷ್ಟು ಮಾರ್ತೀವಿ.

ಯಾಕಂದ್ರ ಸಂಘದ ಹೆಣ್ಮಕ್ಕಳೆಲ್ಲಾ ಕೂಡಿ ಜಮಖಂಡಿ ಶಾಲಿ ಮೈದಾನದಾಗ ಹಾಸೂವಂಥಾ ಒಂದು ದೊಡ್ಡ ಹೊದಿಕಿ ಕ್ರೋಶೆದಾಗ, ಅಂದ್ರ ಕೊಕ್ಕಿ ಸೂಜಿಲೆ, ಹೆಣಿಯಾಕ ಕುಂತೀವಿ. ಐಡಿಯಾ ನಮ್ದಲ್ಲ ಬಿಡ್ರಿ. 2016ರ ಜನವರಿಯೊಳಗ ಚೆನ್ನೈನಾಗ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಅನ್ನೂ ಗುಂಪು ಊರೂರ ಹೆಣ್ಮಕ್ಕಳು ಹೆಣದಿದ್ದೆಲ್ಲಾ ಜೋಡಿಸಿ 11,148 ಚದರ ಮೀಟರ್ ಹೊದಿಕಿ ಮಾಡಿ ಗಿನ್ನಿಸ್ ದಾಖಲೆ ಮಾಡ್ತು, ಹೊಲದ ಲೆಕ್ಕದಾಗ ಪೌಣೆ ಮೂರು ಎಕರೆ! ಅದಕ್ಕೂ ಮೊದ್ಲ 2015ರಾಗ ದಕ್ಷಿಣ ಆಫ್ರಿಕಾದವ್ರು ಮಂಡೇಲಾ ಹೆಸರ್ಲೆ ಹಿಂಗ ಮಾಡಿದ್ರು, ಅವ್ರು ಹೆಣದ ಹೊದಿಕಿ ಬಡವ್ರಿಗೆ ಹಂಚ್ತಾರ. ನಮಗ ದಾಖಲೆಗಿಂತ ಇದ ಮನಸಿಗೆ ಹಿಡಸ್ತು.

ದೀಪಾವಳಿ ಹೊತ್ತಿಗೆ ನಮ್ಮ ಕಡೆ ಕಬ್ಬು ಕಡಿಯೂ ಗ್ಯಾಂಗ್ ಬರ್ತಾವಲ್ರಿ, ಸಣ್ಣ ಕೂಸು ಕಟ್ಟಿಕೊಂಡು ಹೊಲದ ದಂಡಿಗೆ ಗುಡಸಲಾ ಹಾಕಿ ಡಿಸೆಂಬರ್ ಥಂಡಿಯೊಳಗ ಮಲಗತಾರ, ಹೊದಿಕಿ ಅವ್ರಿಗೇ. ಒಂದು ದಿನಾ ಹಾಸೂದು, ಎಲ್ಲಾರೂ ನೋಡೂದು, ಆಮ್ಯಾಲ ಬಿಚ್ಚಿ ಕೊಡೂದು. ಅದಕ್ಕ 8 ಇಂಚಿನ ಚೌಕ 54 ಕೂಡಿಸಿ ನಾಲ್ಕು ಬೈ ಆರು ಫೂಟಿನ ಒಂದೊಂದು ಹೊದಿಕಿ ಮೊದ್ಲ ಗಟ್ಟಿ ಮಾಡ್ತೀವಿ, ಹೊದಿಕಿಗೆ ಹೊದಿಕಿ ಅಷ್ಟ ಸಡ್ಲ ಟಾಕಿ ಹಾಕ್ತೀವಿ, ದಾರ ಜಗ್ಗಿದ್ರ ಬಿಚ್ಚಬೇಕು.

ನೀವೂ ಚೌಕ ಹೆಣದು ಕೊಡ್ರಿ. ನಾಲ್ಕು ಪ್ಲೈ (ನಾಲ್ಕು ಎಳಿ) ಅಕ್ರಿಲಿಕ್ ಉಲ್ಲನ್ನ ಬೇಕು, ಖರೇ ಉಣ್ಣಿ ಬ್ಯಾಡ, ಬಿಸಿನೀರಾಗ ಒಗದ್ರ ಮುದುಡಿ ಗಟ್ಟಿ ಆಗತೈತಿ, ಗುಡಸಲದಾಗ ಅದನ್ನ ಜ್ವಾಪಾನ ಮಾಡೂರ್ಯಾರು. ಸೂಜಿ 4 ಮಿಲಿಮೀಟರ್, ಕೈ ಬಿಗಿ ಇದ್ದವ್ರು ನಾಲ್ಕೂವರೆ ಹಿಡೀರಿ, ಇಲ್ಲಂದ್ರ ಒಬ್ಬಾಕಿದು ಏಳೂವರೆ ಇಂಚು, ಇನ್ನೊಬ್ಬಾಕಿದು ಎಂಟೂವರೆ ಬಂದು ಜೋಡಿಸುವಾಗ ಎಲ್ಲಾ ಸುಕ್ಕ ಬೀಳತೈತಿ. ಇಸ್ತ್ರಿ ಮಾತ್ರ ಹೊಡೀಬ್ಯಾಡ್ರಿ, ಅಕ್ರಿಲಿಕ್ ಕರಗತೈತಿ. ಮತ್ತ ಗ್ರಾನಿ ಸ್ಕ್ವೇರ್ ಅನ್ನೂ ತೂತಿನ ಡಿಸೈನ್ ಚೌಕ ಬ್ಯಾಡ. ಭಾಳ ಚಂದ ಕಾಣತೈತಿ ಖರೆ, ಇದರ ಮ್ಯಾಲ ನಮ್ಮೊಳಗ ಜಗಳಾನೂ ಆತು, ಆದ್ರ ತೂತಿನಾಗಿಂದ ಗಾಳಿ ಬರತೈತಿ ಅಂತ ಹಿರ್ಯಾರು ಹೇಳಿದ್ದ ಗೆದ್ದತು. ಚಂದ ಬೇಕಂದ್ರ ಬಣ್ಣದಾಗ ಮಾಡ್ರಿ, ಇಳಕಲ್ ಸೀರಿ ಸೆರಗಿನ ಕೆಂಪು-ಬಿಳಿ ಹಾಕ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ.

ಉಲ್ಲನ್ ರೇಟ್ ಏರಿಸಿಲ್ಲ. ನಮ್ಮ ಸದಸ್ಯರಿಗೆ ಚೌಕಕ್ಕ ಇಷ್ಟು ಅಂತ ಸಂಘದ ಉಳಿತಾಯದಾಗ ಕೊಡ್ತೀವಿ, ಆರ್ಡರ್ ಬಂದ್ ಆದ್ರ ಅವ್ರ ಮನಿ ನಡೀಬೇಕಲ್ರಿ. ನೀವು ಕೊಡೂ ಚೌಕಕ್ಕ ರೊಕ್ಕಾ ಇಲ್ಲ, ಚಹಾ ಐತಿ.

ನಡುವ ಯಾರಿಗರೆ ಕುಂಚಿಗಿ ಅರ್ಜೆಂಟ್ ಇದ್ರ ಗುಳೇದಗುಡ್ಡ ಖಣದ್ದು ಹೊಲಸ್ರಿ, ಕೂಸಿಗೆ ಅದೂ ಛಂದ ಒಪ್ಪತೈತಿ. ಚೌಕ ಶನಿವಾರ ಮಧ್ಯಾಹ್ನ ಅಂಗಡ್ಯಾಗ ಕೊಡ್ರಿ, ದಾರದ ತುದಿ ಕತ್ತರಿಸದ ಒಂದು ಗೇಣು ಬಿಟ್ಟಿರ್ರಿ, ಜೋಡಿಸಾಕ ಬೇಕು.

ಸಂಘದ ಎಲ್ಲಾರ ಪರವಾಗಿ,
ಜಮಖಂಡಿ