ಆರು ಇಂಚಿನ ಮೀನು ಅಂತ ಮಾರಿದ ಬ್ಲ್ಯಾಕ್ ಘೋಸ್ಟ್ ಬಗ್ಗೆ ದೂರು

ಇಂದ:
ನಿಮ್ಮ ಗ್ರಾಹಕ,
ಭಾಗ್ಯನಗರ, ಕೊಪ್ಪಳ

ಇವರಿಗೆ:
ಗ್ರಾಹಕ ದೂರು ಅಧಿಕಾರಿಗಳು,
ಅಕ್ವೇರಿಯಂ ಆನ್‌ಲೈನ್ ಮಾರಾಟ ವಿಭಾಗ

ವಿಷಯ: ಬ್ಲ್ಯಾಕ್ ಘೋಸ್ಟ್ ನೈಫ್ ಫಿಶ್ ಬಗ್ಗೆ ಸುಳ್ಳು ಮಾಹಿತಿ ಕೊಟ್ಟು ಕಿಟ್ ಮಾರಿದ್ದು ಮತ್ತು ಅದಕ್ಕೆ ಆಗದ ಔಷಧ ಹಾಕಿಸಿದ್ದು.

ಮಾನ್ಯರೇ,

ಕಳೆದ ದಸರಾ ಹೊತ್ತಿಗೆ ನಿಮ್ಮಿಂದ ಒಂದು ಅಕ್ವೇರಿಯಂ ಕಿಟ್ ತರಿಸಿಕೊಂಡೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ, ಫಿಲ್ಟರ್, ಹೀಟರ್, ನಿಯಾನ್ ಟೆಟ್ರಾ ಅನ್ನುವ ಹತ್ತು ಸಣ್ಣ ಮೀನು, ಒಂದು ಬ್ಲ್ಯಾಕ್ ಘೋಸ್ಟ್ ಮರಿ. ಎಲ್ಲಾ ಸೇರಿ ₹5,400. ಪ್ಯಾಕಿಂಗ್ ಚೆನ್ನಾಗಿತ್ತು, ಮೀನುಗಳು ಜೀವಂತವಾಗಿ ಬಂದವು. ಅದರ ಬಗ್ಗೆ ತಕರಾರಿಲ್ಲ. ಕೊಪ್ಪಳಕ್ಕೆ ಹೀಟರ್ ಕಳಿಸಿದ್ದನ್ನೂ ನಕ್ಕು ಬಿಟ್ಟುಬಿಟ್ಟೆ. ಬೇಸಿಗೆಯಲ್ಲಿ ನಾವಿಲ್ಲಿ ತೊಟ್ಟಿಗೆ ಟೇಬಲ್ ಫ್ಯಾನ್ ಹಚ್ಚಿ ನೀರು ತಂಪು ಮಾಡ್ತೀವಿ.

ತಕರಾರು ಇರೋದು ನಿಮ್ಮ ಪುಟದಲ್ಲಿ ಆ ಮೀನಿನ ಕೆಳಗೆ ಬರೆದ ಮಾತಿನ ಬಗ್ಗೆ. 'ಆರು ಇಂಚು ಬೆಳೆಯುತ್ತದೆ. ಸಣ್ಣ ತೊಟ್ಟಿಗೆ ಸೂಕ್ತ. ಸಣ್ಣ ಮೀನುಗಳ ಜೊತೆ ಹೊಂದಿಕೊಳ್ಳುತ್ತದೆ.' ಮೂರೂ ಸುಳ್ಳು.

ಅಮೆಜಾನ್ ನದಿ ಕಡೆಯ ಈ ಮೀನು ಒಂದೂವರೆ ಅಡಿ, ಅಂದರೆ 45ರಿಂದ 50 ಸೆಂ.ಮೀ. ತನಕ ಬೆಳೆಯುತ್ತದೆ. ನಿಮ್ಮ ತೊಟ್ಟಿಯ ಅಗಲವೇ ಒಂದು ಅಡಿ. ಬೆಳೆದ ಮೇಲೆ ಅದು ತಿರುಗೋದಾದರೂ ಹೇಗೆ? ಅಂಚಿನ ತನಕ ತುಂಬಿಸಿದರೂ ಅದಕ್ಕೆ 60 ಲೀಟರ್ ನೀರು ಹಿಡಿಯುವುದಿಲ್ಲ. ದೊಡ್ಡ ಬ್ಲ್ಯಾಕ್ ಘೋಸ್ಟ್‌ಗೆ 400 ಲೀಟರ್ ಆದರೂ ಬೇಕು. ಯುಗಾದಿ ಹೊತ್ತಿಗೇ ನಮ್ಮದು ಏಳು ಇಂಚು ದಾಟಿತ್ತು.

ಅಷ್ಟರಲ್ಲಿ ಟೆಟ್ರಾಗಳು ಒಂದೊಂದೇ ಮಾಯವಾಗತೊಡಗಿದವು. ಫೋನ್ ಮಾಡಿದರೆ ನಿಮ್ಮವರು, "ಫಿಲ್ಟರ್‌ಗೆ ಸಿಕ್ಕಿರಬೇಕು ಸರ್, ಚೆಕ್ ಮಾಡಿ" ಅಂದರು. ಬಿಚ್ಚಿ ನೋಡಿದೆ, ಸ್ಪಂಜು ಬಿಟ್ಟರೆ ಏನೂ ಇಲ್ಲ. ಆಮೇಲೆ ಒಂದು ರಾತ್ರಿ ದೀಪ ಆರಿಸಿ ಎದುರಿಗೇ ಕೂತೆ. ಹಗಲೆಲ್ಲ ಪಿವಿಸಿ ಪೈಪಿನೊಳಗೆ ಮಲಗಿರುವ ಮೀನು ನಿಧಾನಕ್ಕೆ ಹೊರಗೆ ಬಂತು. ಮೈ ಬಳುಕಿಸುವುದಿಲ್ಲ. ಹೊಟ್ಟೆಯಡಿಯ ಉದ್ದ ರೆಕ್ಕೆಯಷ್ಟೇ ಅಲೆಅಲೆಯಾಗಿ ಆಡುತ್ತದೆ. ಮುಂದಕ್ಕೆ ಹೋದಷ್ಟೇ ಸಲೀಸಾಗಿ ಹಿಂದಕ್ಕೂ ಬರುತ್ತದೆ. ಆ ಕತ್ತಲಲ್ಲಿ ಬಾಲದ ಹತ್ತಿರದ ಎರಡು ಬಿಳಿ ಪಟ್ಟಿ ಮಾತ್ರ ಕಾಣುತ್ತಿದ್ದವು. ಮೂಲೆಯಲ್ಲಿದ್ದ ಟೆಟ್ರಾ ಪಕ್ಕ ಹೋಗಿ ನಿಂತಿತು, ಗುಳುಂ ಮಾಡಿತು. ಅದಕ್ಕೆ ಬೆಳಕು ಬೇಕಿಲ್ಲ. ಮೈಯಿಂದ ಸಣ್ಣಗೆ ವಿದ್ಯುತ್ ಹೊರಡಿಸಿ, ಸುತ್ತ ಏನೇನಿದೆ ಅಂತ ಅದರಿಂದಲೇ ಪತ್ತೆ ಹಚ್ಚುತ್ತದೆ. ಮೀನಿನ ಮೇಲೆ ನನಗೇನೂ ಸಿಟ್ಟಿಲ್ಲ. ಅದರ ಊಟವನ್ನು ಜೊತೆಗೇ ಪ್ಯಾಕ್ ಮಾಡಿ ಕಳಿಸಿದವರು ನೀವು.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮೇ ತಿಂಗಳಲ್ಲಿ ಅದರ ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆಗಳು ಬಂದವು. ಮೀನಿನ ಹೆಸರು ಬರೆದೇ ನಿಮ್ಮ ಚಾಟ್‌ನಲ್ಲಿ ಕೇಳಿದೆ. ತಾಮ್ರ ಇರುವ ಔಷಧವೊಂದನ್ನು ನಿಮ್ಮಲ್ಲೇ ಕೊಳ್ಳಲು ಹೇಳಿ, 'ಬಾಟಲಿ ಮೇಲಿರುವ ಡೋಸ್ ಪೂರ್ತಿ ಹಾಕಿ' ಅಂತ ಬರೆದರು. ಹಾಕಿದ ಸ್ವಲ್ಪ ಹೊತ್ತಿಗೆ ಮೀನು ಹಾಡಹಗಲೇ ಪೈಪ್ ಬಿಟ್ಟು ಮೇಲೆ ಬಂತು, ಒದ್ದಾಡಿ ಮಗ್ಗುಲಾಯಿತು. ಮತ್ತೆ ನಿಮಗೆ ಕರೆ ಮಾಡಿದರೆ ಬರೀ ಸಂಗೀತ.

ಕೊನೆಗೆ ನಮ್ಮೂರಿನ ಮೀನಿನ ಅಂಗಡಿ ಹುಡುಗನಿಗೆ ಫೋನ್ ಹಚ್ಚಿದೆ. "ಹುರುಪಿ ಇಲ್ಲದ ಮೀನ್ರಿ ಸರ ಅದು, ತಾಮ್ರದ ಔಷಧ ತಡಕೊಳ್ಳಂಗಿಲ್ಲ. ಮೊದಲು ಅರ್ಧ ನೀರು ತೆಗೀರಿ" ಅಂದ. ಕ್ಲೋರಿನ್ ತೆಗೆದು ಇಟ್ಟಿದ್ದ ನೀರು ಮನೆಯಲ್ಲಿತ್ತು, ಬದಲಾಯಿಸಿದೆ. ಉಳಿದ ಔಷಧ ಹೀರಿಕೊಳ್ಳಲಿ ಅಂತ ಅವನೇ ಬಂದು ಫಿಲ್ಟರ್‌ಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿಕೊಟ್ಟ, ಅದರ ದುಡ್ಡಷ್ಟೇ ತಗೊಂಡ. ಮೀನು ಉಳಿಯಿತು. ಒಬ್ಬ ಅಂಗಡಿ ಹುಡುಗನಿಗೆ ಗೊತ್ತಿರುವ ವಿಷಯ, ದಿನಾ ಇದೇ ಮೀನು ಮಾರುವ ನಿಮಗೆ ಗೊತ್ತಿಲ್ಲ ಅಂದರೆ ನಂಬೋದು ಕಷ್ಟ ಅಲ್ವಾ?

ನನ್ನ ಮೊದಲ ಇಮೇಲ್‌ಗೆ ಎರಡು ಉತ್ತರ ಕೊಟ್ಟಿದ್ದೀರಿ. ಒಂದು, ಮೀನು ಜೀವಂತ ತಲುಪಿದ ಮೇಲೆ ನಿಮ್ಮ ಜವಾಬ್ದಾರಿ ಮುಗಿಯಿತು ಅಂತ. ನಾನು ಕೇಳುತ್ತಿರುವುದು ಸಾಗಾಣಿಕೆ ಬಗ್ಗೆ ಅಲ್ಲ, ನೀವು ಬರೆದು ಹೇಳಿದ ಸುಳ್ಳಿನ ಬಗ್ಗೆ. ಎರಡನೆಯದು, ಕೊಪ್ಪಳದ ಬೋರ್ ನೀರು ಗಡಸು, ಅದಕ್ಕೇ ಹೀಗಾಯಿತು ಅಂತ. ನೀರು ಗಡಸು ಅಂತ ನಮಗೂ ಗೊತ್ತು, ಆರ್‌ಒ ನೀರು ಬೆರೆಸಿಯೇ ಹಾಕುತ್ತಿದ್ದೇವೆ. ದಸರಾದಿಂದ ಅದೇ ನೀರಲ್ಲಿ ಆರಾಮಾಗಿದ್ದ ಮೀನು ಔಷಧ ಬಿದ್ದ ದಿನವೇ ಮಗ್ಗುಲಾಯಿತು. ಸುಮ್ನೆ ನಮ್ಮೂರ ನೀರಿನ ಮೇಲೆ ಹಾಕಬೇಡಿ.

ತೊಟ್ಟಿ, ಟೆಟ್ರಾ ಮತ್ತು ಔಷಧದ ದುಡ್ಡು ವಾಪಸ್ ಕೊಡಿ. ಮೀನು ನನ್ನ ಹತ್ತಿರವೇ ಇರಲಿ, ಅದಕ್ಕೆ ದೊಡ್ಡ ತೊಟ್ಟಿ ಮಾಡಿಸುತ್ತಿದ್ದೇನೆ. ನಿಮ್ಮ ಪುಟದಲ್ಲಿ ಮೀನಿನ ನಿಜವಾದ ಉದ್ದ ಹಾಕಿ, ಟೆಟ್ರಾ ಜೊತೆ ಸೇರಿಸಿ ಮಾರುವುದನ್ನು ನಿಲ್ಲಿಸಿ. ಚಾಟ್‌ನಲ್ಲಿ ಕೂರುವವರಿಗೆ ಯಾವ ಮೀನಿಗೆ ಯಾವ ಔಷಧ ಆಗುವುದಿಲ್ಲ ಅನ್ನೋದನ್ನಾದರೂ ಹೇಳಿಕೊಡಿ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸುತ್ತೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ಕೇಸು ಹಾಕಬಹುದು, ಬರಬೇಕಾದವರು ನೀವು.

ಬಿಲ್, ನಿಮ್ಮ ಪುಟದ ಸ್ಕ್ರೀನ್‌ಶಾಟ್, ಚಾಟ್ ಮತ್ತು ಸ್ಕೇಲ್ ಪಕ್ಕದಲ್ಲಿ ಮೀನು ನಿಂತಿರುವ ಫೋಟೊ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ