ನಿಂತ ಗಾಡಿಯ ಬ್ರೇಕು

ಚಿ. ಸೌ. ವಿದ್ಯಾಳಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಸಿಕ್ಕಿತು. ಮಳೆ, ತೋಟ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಿದ್ದು, ಇದೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡುತ್ತೇನೆ. ಕೊಳ್ಳಲು ನೋಡಿರುವ ಎರಡು ಹಳೆಯ ಕ್ಯಾಂಪರ್ ವ್ಯಾನುಗಳ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿಗಳ ವಿವರವನ್ನು ಅಚ್ಚುಕಟ್ಟಾಗಿ ಬರೆದು, ಕೊನೆಗೆ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ಮಕ್ಕಳು ಹಿಂದೆ ಮಲಗಿರುವಾಗ ಘಾಟಿಯಲ್ಲಿ ಬ್ರೇಕ್ ಹಿಡಿಯದೇ ಹೋದರೆ ಏನು ಮಾವ?" ಅಂತ. ಅದನ್ನು ಓದಿದ ಮೇಲೆ ಉಳಿದದ್ದು ಯಾವುದೂ ತಲೆಗೆ ಹೋಗಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಹಿಡಿಸಿರುವುದು ಕುಂದಾಪುರದ ಕಡೆಯದು. 2014ರ ಟ್ರಾವೆಲರ್ ವ್ಯಾನು, ಓಡಿದ್ದು 46 ಸಾವಿರ ಕಿಲೋಮೀಟರ್, "ಶೆಡ್‌ನಲ್ಲೇ ಇತ್ತು, ಹೊಸದರ ಹಾಗಿದೆ" ಅಂದಿದ್ದಾರೆ. ಬೆಂಗಳೂರಿನದು 2019ರದು, 2 ಲಕ್ಷ 10 ಸಾವಿರ ಓಡಿದೆ, ಮೊದಲು ಟೂರಿಸ್ಟ್ ಗಾಡಿ, ಆಮೇಲೆ ಒಳಗೆ ಮಂಚ, ಅಡುಗೆ ಕಟ್ಟೆ ಕೂರಿಸಿದ್ದು. ನೀನು ಎರಡನೆಯದಕ್ಕೆ ಹೆದರಿದ್ದೀಯ. ನನಗೆ ಹೆದರಿಕೆ ಮೊದಲನೆಯದರದು.

ಮೀಟರ್ ಹೇಳುವುದು ಓಡಿದ ಲೆಕ್ಕ ಮಾತ್ರ. ನಿಂತ ಲೆಕ್ಕ ಅದರಲ್ಲಿ ಬರುವುದಿಲ್ಲ, ಬ್ರೇಕ್ ಕೆಡುವುದು ಹೆಚ್ಚಾಗಿ ಆ ನಿಂತ ಲೆಕ್ಕದಲ್ಲೇ. ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಹೀರುವ ಗುಣ ಇದೆ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಭರಣಿ ನೀರೊಡೆಯುತ್ತದಲ್ಲ, ಹಾಗೆ. ಡಾಟ್ 4 ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಶೇಕಡಾ 3.7ರಷ್ಟು ನೀರು ಸೇರಿತೆಂದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್ ಹತ್ತಿರ ಅಷ್ಟು ಕಾವು ಬರುವುದು ಕಷ್ಟವೇನಲ್ಲ. ಆಯಿಲ್ ಕುದಿದರೆ ಪೈಪಿನೊಳಗೆ ಆವಿ ತುಂಬುತ್ತದೆ. ಆವಿ ಅಮುಕಿದರೆ ಕುಗ್ಗುತ್ತದೆ, ಒತ್ತಡ ಚಕ್ರದವರೆಗೆ ಹೋಗುವುದೇ ಇಲ್ಲ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ನೀನು ಕೇಳಿದ "ಹಿಡಿಯದೇ ಹೋದರೆ" ಬಹಳ ಸಲ ಇದೇ. ಗಾಡಿ 46 ಸಾವಿರ ಓಡಿದ್ದರೂ ಒಂದೇ, 4 ಲಕ್ಷ ಓಡಿದ್ದರೂ ಒಂದೇ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ್ದಾರಾ ಅನ್ನುವುದೇ ಪ್ರಶ್ನೆ. ಶೆಡ್‌ನಲ್ಲಿ ನಿಂತ ಗಾಡಿಗೆ ಅದನ್ನು ಬದಲಿಸಿಕೊಂಡು ಕೂರುವವರು ಕಡಿಮೆ.

ಇಷ್ಟು ಹೇಳಿ ಹೆದರಿಸಿದೆನೇನೋ. ಸುಮ್ಮನಿರಲಾಗಲಿಲ್ಲ.

ಕುಂದಾಪುರ ಅಂದಮೇಲೆ ಉಪ್ಪುಗಾಳಿ. ನಮ್ಮ ಕಡೆಯ ಗಾಡಿಗೂ ತುಕ್ಕು ಬರುತ್ತದೆ, ಆದರೆ ಸಮುದ್ರದ ಬದಿಯ ತುಕ್ಕು ಬೇಗ ಆಳಕ್ಕೆ ಇಳಿಯುತ್ತದೆ. ಬಾಗಿಲ ಕೆಳಗಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಅದಕ್ಕೆ ನನಗೆ ಅಷ್ಟು ಚಿಂತೆ ಇಲ್ಲ. ಚಾಸಿಯ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ, ಒಳಬದಿಯಲ್ಲಿ ಹಿಂದಿನ ಚಕ್ರದ ಕಡೆ ಹೋಗುವ ಬ್ರೇಕ್ ಪೈಪ್ ಇದೆ ನೋಡು, ಕಿರುಬೆರಳಿಗಿಂತ ಸಣ್ಣದು, ಉಕ್ಕಿನದು. ಅದರ ಕ್ಲಿಪ್ ಕೂತ ಜಾಗದಲ್ಲಿ ಮಣ್ಣು, ತೇವ ನಿಂತು ತುಕ್ಕು ತಿನ್ನುತ್ತದೆ. ಮಾರುವ ಮೊದಲು ಅಡಿಗೆ ಕಪ್ಪು ಕೋಟಿಂಗ್ ಹೊಡೆಸಿದರೆ ಎಲ್ಲ ಮುಚ್ಚಿಹೋಗುತ್ತದೆ. ಕೋಟಿಂಗ್ ಹೊಸದಾಗಿ ಮಿನುಗುತ್ತಿದ್ದರೆ ಖುಷಿಪಡಬೇಡ, ಯಾವಾಗ ಹೊಡೆಸಿದ್ದು ಅಂತ ಕೇಳು. ಗಾಡಿಯನ್ನು ಗುಂಡಿ ಇರುವ ಗ್ಯಾರೇಜಿಗೆ ಒಯ್ದು, ಪೈಪನ್ನು ಬಟ್ಟೆಯಲ್ಲಿ ಉಜ್ಜಿ ನೋಡಿಸು. ಬಣ್ಣ ಮಾಸಿದ್ದರೆ ಪರವಾಗಿಲ್ಲ, ಉಗುರಿಗೆ ಹೊಪ್ಪಳಿಕೆ ಸಿಕ್ಕಿದರೆ ಆ ಪೈಪ್ ಹೊಸದು ಹಾಕಿಸಲೇಬೇಕು. ಹಾಗೇ ಬ್ಲೇಡ್ ಸೆಟ್ (ಚಕ್ರದ ಮೇಲಿನ ಪಟ್ಟಿ ಸ್ಪ್ರಿಂಗು) ತೂಗುವ ಬ್ರಾಕೆಟ್ಟು, ಚಾಸಿಯ ಅಡ್ಡಪಟ್ಟಿ, ಚಕ್ರದ ಗೂಡು, ಇಲ್ಲೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿಸು. ಗಟ್ಟಿ ತಗಡು ಟಣ್ಣನ್ನುತ್ತದೆ, ಒಳಗೆ ಕೊಳೆತದ್ದು ದಬ್ಬನ್ನುತ್ತದೆ. ಚಾಸಿಯೇ ದಬ್ಬಂದರೆ ಬೆಲೆ ಚೌಕಾಶಿ ಮಾಡಲು ಕೂರಬೇಡ, ಎದ್ದು ಬಾ.

ಬಹಳ ದಿನ ನಿಂತರೆ ಕ್ಯಾಲಿಪರ್‌ನ ಪಿಸ್ಟನ್ ಮತ್ತು ಪಿನ್ನು ಅಲ್ಲೇ ಹಿಡಿದುಕೊಳ್ಳುತ್ತವೆ. ಹಿಂದೆ ಡ್ರಮ್ ಇದ್ದರೆ ವೀಲ್ ಸಿಲಿಂಡರಿನ ರಬ್ಬರ್ ಒಣಗಿ ಆಯಿಲ್ ಜಿನುಗಿ, ಡ್ರಮ್ಮಿಗೆ ಉಜ್ಜುವ ಲೈನರ್ ನೆನೆಯುತ್ತದೆ. ನೆನೆದ ಲೈನರ್ ತೊಳೆದು ಮತ್ತೆ ಹಾಕುವ ವಸ್ತುವಲ್ಲ. ಹಿಂದಿನ ಆಕ್ಸಲ್ ಹತ್ತಿರ ಭಾರ ನೋಡಿ ಬ್ರೇಕ್ ಹಂಚುವ ವಾಲ್ವ್ ಇದ್ದರೆ ಅದರ ಕಡ್ಡಿ ಅಲ್ಲಾಡುತ್ತದಾ ನೋಡಿಸು. ತುಕ್ಕಿನಲ್ಲಿ ಅದು ಹಗುರ ಭಾರದ ಸ್ಥಿತಿಗೇ ಅಂಟಿಕೊಂಡರೆ ಹಿಂದಿನ ಬ್ರೇಕ್ ಇದ್ದೂ ಇಲ್ಲದ ಹಾಗೆ, ಕಾವೆಲ್ಲ ಮುಂದಿನ ಡಿಸ್ಕಿಗೇ.

ನೀನೇ ಮಾಡಬಹುದಾದದ್ದು ಮೂರಿದೆ. ಎಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಸಲ ತುಳಿ, ಗಟ್ಟಿಯಾಗುತ್ತದೆ. ತುಳಿದುಕೊಂಡೇ ಸ್ಟಾರ್ಟ್ ಮಾಡು, ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಕಾಲಿನ ಒತ್ತಡಕ್ಕೆ ಬಲ ಕೊಡುವ ಬೂಸ್ಟರೋ, ವ್ಯಾಕ್ಯೂಮ್ ಪಂಪೋ, ಅದರ ಪೈಪೋ ಕೆಟ್ಟಿದೆ. ಆಮೇಲೆ ಅದೇ ಒತ್ತಡದಲ್ಲಿ ಒಂದು ನಿಮಿಷ ಕಾಲು ಇಟ್ಟುಕೊಂಡಿರು. ಪೆಡಲ್ ನಿಧಾನಕ್ಕೆ ಕುಸಿಯುತ್ತಾ ಹೋದರೆ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಪೆಡಲಿನಿಂದ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ ಅಂತ ಲೆಕ್ಕ. ಕೀ ಆನ್ ಮಾಡಿದಾಗ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕಾಗದಂತೆ ತಡೆಯುವ ವ್ಯವಸ್ಥೆ) ದೀಪ, ಬ್ರೇಕ್ ದೀಪ ಎರಡೂ ಹತ್ತಿ, ಎಂಜಿನ್ ಶುರುವಾಗಿ ಹ್ಯಾಂಡ್ ಬ್ರೇಕ್ ಬಿಟ್ಟಮೇಲೆ ಆರಬೇಕು. ಎಬಿಎಸ್ ಇದ್ದ ಗಾಡಿಯಲ್ಲಿ ಆ ದೀಪ ಹತ್ತಲೇ ಇಲ್ಲ ಅಂದರೆ ಅನುಮಾನ ಪಡು, ಬಲ್ಬು ಕಿತ್ತಿಡುವವರಿದ್ದಾರೆ.

ಇನ್ನು ಬೆಂಗಳೂರಿನ ಗಾಡಿ. ವರ್ಷಕ್ಕೆ 30–35 ಸಾವಿರದ ಓಟ ಟೂರಿಸ್ಟ್ ಗಾಡಿಗೆ ಸಹಜ. ಅಷ್ಟು ಓಡಿದ್ದರೆ ಕ್ಲಚ್, ಇಂಜೆಕ್ಟರ್, ಟರ್ಬೊ, ಸಸ್ಪೆನ್ಷನ್ ಬುಷ್, ಇವು ಸವೆದಿರುತ್ತವೆ. ಸವೆದದ್ದು ಬದಲಿಸಿದರೆ ಮುಗಿಯಿತು, ತೀರ್ಥಹಳ್ಳಿಯಲ್ಲೂ ಕೆಲಸ ಗೊತ್ತಿರುವವರು ಸಿಗುತ್ತಾರೆ. ದಿನಾ ಬಾಡಿಗೆಗೆ ಓಡುವ ಗಾಡಿಯ ಬ್ರೇಕ್ ಕೆಟ್ಟರೆ ಡ್ರೈವರ್ ಅವತ್ತೇ ಗ್ಯಾರೇಜಿಗೆ ತರುತ್ತಾನೆ, ಅವನ ಜೀವವೂ ಅದರಲ್ಲೇ ಇರುತ್ತದೆ. ಆದರೆ ಬಿಲ್ಲು ನೋಡಬೇಕು. ಸರ್ವಿಸ್ ಪುಸ್ತಕದಲ್ಲಿ, ಬಿಲ್ಲುಗಳಲ್ಲಿ ತಾರೀಕಿನ ಜೊತೆ ಕಿಲೋಮೀಟರ್ ಬರೆದಿರುತ್ತಾರೆ, ಅವನ್ನು ವರುಷವಾರು ಜೋಡಿಸಿಕೋ. ಸಂಖ್ಯೆ ಎಲ್ಲಾದರೂ ಹಿಂದಕ್ಕೆ ಬಂದಿದ್ದರೆ ಮೀಟರ್ ತಿರುಗಿಸಿದ್ದಾರೆ. 46 ಸಾವಿರದ ಗಾಡಿಗೂ ಇದೇ ಪರೀಕ್ಷೆ. ಬ್ರೇಕ್ ಪೆಡಲಿನ ರಬ್ಬರ್ ಗೆರೆ ಅಳಿಸಿ ನುಣ್ಣಗಾಗಿದ್ದು ಮೀಟರ್ ಮಾತ್ರ 46 ಸಾವಿರ ಅಂದರೆ ನಂಬಬೇಡ. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ. ಗೆರೆ ಆಳವಿದ್ದರೂ ಆರು ವರ್ಷ ದಾಟಿ, ಪಕ್ಕೆಯಲ್ಲಿ ಬಿರುಕು ಕಂಡರೆ ಸ್ಟೆಪ್ನಿ ಸಮೇತ ಹೊಸದರ ಖರ್ಚು ಹಿಡಿದುಕೋ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕೈಕೊಟ್ಟರೆ ಗಾಡಿ ನಿಲ್ಲುತ್ತದೆ, ಉರುಳುವುದಿಲ್ಲ. ತಣ್ಣಗಿರುವಾಗ ನಿನ್ನ ಎದುರೇ ಸ್ಟಾರ್ಟ್ ಮಾಡಿಸು, ಮೊದಲೇ ಬಿಸಿ ಮಾಡಿಟ್ಟಿದ್ದರೆ ಬಾನೆಟ್ ಮುಟ್ಟಿದರೆ ಗೊತ್ತಾಗುತ್ತದೆ. ನೀಲಿ ಹೊಗೆ ನಿಲ್ಲದೇ ಬಂದರೆ ಆಯಿಲ್ ಸುಡುತ್ತಿದೆ. ಗೇರ್ ಬಾಕ್ಸ್ ಮಾತ್ರ ಬ್ರೇಕಿನಷ್ಟೇ ಮುಖ್ಯ. ಸಣ್ಣ ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಬಿಡು. ಗೇರ್ ತಾನಾಗೇ ಹಾರಿ ನ್ಯೂಟ್ರಲ್‌ಗೆ ಬಂದರೆ ಆ ಗಾಡಿ ಘಾಟಿಗೆ ಬೇಡ.

ನಿಮ್ಮತ್ತೆಗೂ ಈ ಆಸೆ ಇತ್ತು ಮಾರಾಯ್ತಿ. ನಮ್ಮ ಮ್ಯಾಟಡಾರ್ ವ್ಯಾನು ಇದ್ದ ಕಾಲದಲ್ಲಿ, ಹಿಂದಿನ ಸೀಟು ತೆಗೆದು ಹಾಸಿಗೆ ಹಾಸಿದರೆ ಗೋಕರ್ಣದವರೆಗೂ ಹೋಗಿ ಬರಬಹುದು ಅನ್ನುತ್ತಿದ್ದಳು. ಅಡಿಕೆ ರೇಟು ಬಿದ್ದ ವರ್ಷ ಗಾಡಿ ಮಾರಿಹೋಯಿತು, ಆಮೇಲೆ ಅವಳ ಮಂಡಿನೋವು. ನೀನು ಹೊರಡುವುದನ್ನು ತಡೆಯಲು ನನಗೆ ಮನಸ್ಸಿಲ್ಲ ಅನ್ನುವುದಕ್ಕೆ ಇದನ್ನು ಬರೆದೆ, ಬೇರೆ ಏನಕ್ಕೂ ಅಲ್ಲ.

ಭಾರದ ವಿಷಯ ಬಿಟ್ಟುಹೋಗುತ್ತಿತ್ತು. ಕ್ಯಾಂಪರ್‌ನ ಬ್ರೇಕು ಬೇಗ ದಣಿಯುವುದಕ್ಕೆ ಭಾರವೇ ದೊಡ್ಡ ಕಾರಣ. ಬಾಡಿಗೆ ಗಾಡಿ ಜನ ಇಳಿದಮೇಲೆ ಹಗುರಾಗುತ್ತದೆ, ಇದು ಹಗಲೂ ರಾತ್ರಿ ಮನೆ ಹೊತ್ತುಕೊಂಡಿರುತ್ತದೆ. 18 ಎಂ.ಎಂ. ಪ್ಲೈವುಡ್‌ನ ಎಂಟಡಿ-ನಾಲ್ಕಡಿ ಹಾಳೆ ಒಂದೇ 30 ಕೆಜಿಗೆ ಮೇಲೆ. ನೂರು ಲೀಟರ್ ನೀರೆಂದರೆ 100 ಕೆಜಿ. 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ ಒಂದಕ್ಕೆ ಸುಮಾರು 50 ಕೆಜಿ. ನೀರು, ಡೀಸೆಲ್ ತುಂಬಿಸಿ ವೇಬ್ರಿಡ್ಜ್‌ಗೆ ಹತ್ತಿಸು, ಚೀಟಿ ತೆಗೆದುಕೋ. ಅದಕ್ಕೆ ನಿಮ್ಮ ನಾಲ್ಕು ಜನರ ತೂಕ, ಸಾಮಾನು ಸೇರಿಸು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಮಿತಿ ದಾಟಿದರೆ ಬ್ರೇಕ್ ಎಷ್ಟು ಹೊಸದಾದರೂ ಪ್ರಯೋಜನ ಇಲ್ಲ. ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ತೂಗಿಸಿದರೆ ಇನ್ನೂ ಒಳ್ಳೆಯದು.

ಆರ್‌ಸಿ ಅಂದಾಗ ನೆನಪಾಯಿತು. ಅದರಲ್ಲಿ ಗಾಡಿಯ ವರ್ಗ ಮೋಟಾರ್ ಕಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಅಂತ ಬದಲಾಗಿದೆಯಾ ನೋಡು. ಇನ್ನೂ ಪ್ಯಾಸೆಂಜರ್ ಗಾಡಿ ಅಂತಲೇ ಇದ್ದು ಒಳಗೆ ಮಂಚ ಇದ್ದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಅಡ್ಡ ಬರುತ್ತದೆ, ಅಪಘಾತವಾದರೆ ಇನ್ಶೂರೆನ್ಸ್‌ನವರು ಅದನ್ನೇ ಹಿಡಿಯುತ್ತಾರೆ. ಹಳದಿ ಬೋರ್ಡಿನಿಂದ ಬಿಳಿಗೆ ಬಂದ ಗಾಡಿಯಾದರೆ ಪರ್ಮಿಟ್ ವಾಪಸ್ ಕೊಟ್ಟ ಕಾಗದ, ತೆರಿಗೆ ಕಟ್ಟಿದ ರಶೀದಿ ಕೇಳು. ಗಾಡಿಯ ಮೇಲೆ ಸಾಲ ಇದ್ದರೆ ಅದು ತೀರಿದ್ದಕ್ಕೆ ಫಾರಂ 35, ಹೆಸರು ಬದಲಾವಣೆಗೆ 29 ಮತ್ತು 30. 2014ರ ಗಾಡಿ ಬಿಳಿ ಬೋರ್ಡಿನದಾದರೆ 15 ವರ್ಷ 2029ಕ್ಕೆ ತುಂಬುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಬೆಲೆ ಮಾತಾಡುವಾಗ ಇದನ್ನೂ ಎತ್ತಬಹುದು.

ಒಳಗಿನ ಸೊಬಗಿಗೆ ಬೆರಗಾಗಬೇಡ ಅಂತ ಹೇಳಿದರೆ ನಿನಗೆ ಬೇಜಾರಾಗಬಹುದು. ಮಳೆಗಾಲ ಇದು, ಗಾಡಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೇಲಿನ ಗಾಳಿಕಿಂಡಿ, ಸೋಲಾರ್ ತಂತಿ ಇಳಿಯುವ ತೂತು, ಕಿಟಕಿಯ ಮೂಲೆ, ಇಲ್ಲಿ ಪ್ಲೈವುಡ್ ಹೆಬ್ಬೆರಳಿಗೆ ತಗ್ಗಿದರೆ ಒಳಗೆ ನೀರು ಇಳಿದಿದೆ. ಆ ನೀರು ನೆಲದ ಮ್ಯಾಟಿನಡಿ ನಿಂತು ತಗಡು ತಿನ್ನುತ್ತದೆ, ಅದರ ಕೆಳಗೇ ಬ್ರೇಕ್ ಪೈಪು. ನೋಡು, ಎಲ್ಲಿಂದ ಹೊರಟರೂ ಅಲ್ಲಿಗೇ ಬರುತ್ತೇನೆ.

ಓಡಿಸಿ ನೋಡುವುದಿದ್ದರೆ ಮೊದಲು ಘಾಟಿಗೆ ಹೋಗಬೇಡ. ಜನ ಇಲ್ಲದ ಸಪಾಟು ರಸ್ತೆಯಲ್ಲಿ 40ರ ವೇಗದಿಂದ ಗಟ್ಟಿಯಾಗಿ ಬ್ರೇಕ್ ಹಿಡಿ, ಸ್ಟೀರಿಂಗ್ ಒಂದು ಕಡೆ ಎಳೆಯಬಾರದು. 20 ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕು ಚಕ್ರದ ಹತ್ತಿರ ಅಂಗೈ ಹಿಂಬದಿ ಹಿಡಿದು ನೋಡು, ಮುಟ್ಟಬೇಡ. ಒಂದೇ ಚಕ್ರ ಹೆಚ್ಚು ಕಾಯ್ದಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಯಾವ ಗಾಡಿ ಕೊಂಡರೂ ಹುಲಿಕಲ್ ಘಾಟಿಯೋ ಆಗುಂಬೆಯೋ ಇಳಿಯುವ ಮೊದಲು ಆಯಿಲ್ ಪೂರ್ತಿ ಬದಲಿಸಿ ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸು, ಬ್ರೇಕಿನ ರಬ್ಬರ್ ಹೋಸ್‌ಪೈಪ್ ಹೊಸದು ಹಾಕಿಸು, ಹಿಂದಿನ ಡ್ರಮ್ ಬಿಚ್ಚಿಸು. ಈ ಖರ್ಚನ್ನು ಗಾಡಿಯ ಬೆಲೆಯೊಳಗೇ ಲೆಕ್ಕ ಹಾಕಿಕೋ.

ಇಳಿಯುವಾಗ, ಹತ್ತುವುದಕ್ಕೆ ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಹೊಡೆದು ಎಂಜಿನ್ ಆಫ್ ಮಾಡುವವರ ಮಾತು ಕೇಳಬೇಡ. ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ. ಬ್ರೇಕನ್ನು ಗಟ್ಟಿಯಾಗಿ ಹಿಡಿ, ಆಮೇಲೆ ಪೂರ್ತಿ ಬಿಡು, ಸವರಿಕೊಂಡೇ ಇರಬೇಡ. ಸುಟ್ಟ ವಾಸನೆ ಬಂದರೆ ಅಗಲ ಇರುವ ಜಾಗ ನೋಡಿ ನಿಲ್ಲಿಸಿ, ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ತಣಿಯಲು ಬಿಡು, ನೀರು ಹಾಕಬೇಡ. ಅಷ್ಟಾಗಿಯೂ ಪೆಡಲ್ ಮೆತ್ತಗಾದರೆ ಬೇಗ ಬೇಗ ಪಂಪ್ ಮಾಡು, ಗೇರ್ ಒಂದೊಂದಾಗಿ ಇಳಿಸು, ಹ್ಯಾಂಡ್ ಬ್ರೇಕ್ ಮೆಲ್ಲನೆ ಎಳೆ, ಕಣಿವೆ ಬಿಟ್ಟು ಗುಡ್ಡದ ಬದಿಗೆ ಒತ್ತು.

ಮಕ್ಕಳು ಮಲಗಿರುವಾಗ ಅಂದೆಯಲ್ಲ. ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಬೇಡ. ಬೆಲ್ಟ್ ಇರುವ ಸೀಟು, ಅದೂ ಪ್ಲೈವುಡ್‌ಗೆ ಸ್ಕ್ರೂ ಹೊಡೆದದ್ದಲ್ಲ, ನೆಲದ ಕಬ್ಬಿಣಕ್ಕೆ ಬೋಲ್ಟ್ ಹಾಕಿದ್ದು, ನಾಲ್ಕು ಇದೆಯಾ ಎಣಿಸಿ ಬರೆ. ಇಲ್ಲದಿದ್ದರೆ ಎರಡೂ ಗಾಡಿ ಬೇಡ, ಮೂರನೆಯದು ನೋಡೋಣ.

ಅಡ್ವಾನ್ಸ್ ಕೊಡುವ ಮೊದಲು ಎರಡೂ ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಕಳಿಸು. ಜೇನುತುಪ್ಪದ ಬಣ್ಣಕ್ಕಿಂತ ಕಪ್ಪಿದ್ದರೆ ಉಳಿದದ್ದನ್ನು ಹೇಗೆ ಇಟ್ಟಿದ್ದಾರೆ ಅನ್ನುವುದೂ ಅರ್ಧ ಗೊತ್ತಾಗುತ್ತದೆ.

ನಿನ್ನ ಮಾವ

ಮರೆತಿದ್ದೆ: ಅಡುಗೆ ಗ್ಯಾಸಿನ ಟ್ಯೂಬ್ ಮೇಲೆ ಅಚ್ಚಾದ ವರ್ಷ ನೋಡು, ಐದು ವರ್ಷ ಆಗಿದ್ದರೆ ಹೊಸದು ಹಾಕಿಸು. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಗೆ ಹೋಗುವ ತೂತು ಇರಲೇಬೇಕು, ಸೋರಿದ ಗ್ಯಾಸ್ ಕೆಳಗೇ ಕೂರುತ್ತದೆ.